ಗೋಡೆ ಬಡಿದಿದ್ದಕ್ಕೆ ನೋಟಿಸು

ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಕಚೇರಿ ನನ್ನ ಅಕ್ಕನ ಬಾಗಿಲಿಗೆ ಒಂದು ನೋಟಿಸು ಅಂಟಿಸಿತು. ಮಧ್ಯಾಹ್ನದ ಹೊತ್ತಿನಲ್ಲಿ ಪಕ್ಕದ ಮನೆಯ ಅತಿಥಿಗಳ ವಿಶ್ರಾಂತಿಗೆ ಭಂಗ ಬರುವಂತೆ ಗೋಡೆ ಬಡಿದಿದ್ದಾಳೆ ಎಂಬುದು ಅವಳ ಮೇಲಿನ ಆಪಾದನೆ. ಅದು ನಿಜ, ಬಡಿದಿದ್ದಾಳೆ. ಅಟ್ಟದ ಮೇಲಿನ ಬಟ್ಟೆಯ ಗಂಟು ಇಳಿಸಲು ಸ್ಟೂಲು ಹತ್ತಿ, ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು, ಏಳಲಾಗದೆ ನೆಲದ ಮೇಲೆ ಮಲಗಿದ್ದವಳು ಇನ್ನೇನು ಮಾಡಬೇಕಿತ್ತು? ತಮ್ಮ ಕಚೇರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಿ ಬೀಳಬೇಕಿತ್ತೇ?

ನಮ್ಮ ಓಣಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ನಡುಗೋಡೆ ಒಂದೇ. ಇದನ್ನು ತಾವು ತಮ್ಮ ಕಿರುಹೊತ್ತಗೆಯಲ್ಲಿ ಬಹಳ ಚೆಂದವಾಗಿ ವರ್ಣಿಸಿದ್ದೀರಿ. ಆದರೆ ಗೋಡೆಯಿಂದ ನಮಗೇನು ಉಪಯೋಗ ಎಂಬುದನ್ನು ಬರೆಯಲಿಲ್ಲ. ಎರಡು ಸಲ ಬಡಿದರೆ ಚಹಾ ಆಗಿದೆ ಬಾ ಎಂದರ್ಥ. ಬಿಡದೆ ಬಡಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬಾ ಎಂದರ್ಥ. ಅಕ್ಕನ ಪಕ್ಕದ ಮನೆಯಲ್ಲಿ ನರ್ಸಮ್ಮ ಇಪ್ಪತ್ತೆಂಟು ವರ್ಷ ಇದ್ದಳು. ಅವಳ ಮನೆ ಅತಿಥಿಗೃಹವಾಗಿ ಎರಡು ವರ್ಷವಾಯಿತು. ಇದು ಅಕ್ಕನ ತಲೆಗೆ ಚೆನ್ನಾಗಿ ಗೊತ್ತು, ಕೈಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೈಗೆ ಸಿಕ್ಕ ಹೊಲಿಗೆ ಕತ್ತರಿಯ ಹಿಡಿಯಿಂದ ಆ ಗೋಡೆಯನ್ನೇ ಬಡಿದಳು. ಫೋನು ಹೊಲಿಗೆ ಯಂತ್ರದ ಮೇಲೆ, ಅವಳ ಕೈಗೆ ನಾಲ್ಕು ಮಾರು ದೂರದಲ್ಲಿತ್ತು.

ಗೋಡೆಯ ಆ ಬದಿಯವರು ದೂರದಿಂದ ಪ್ರಯಾಣ ಮಾಡಿ ಬಂದು ಮಲಗಿದ್ದರು. ಅವರನ್ನು ನಾನು ಬೈಯುವುದಿಲ್ಲ. ಬಡಿತಕ್ಕೊಂದು ಅರ್ಥವಿದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ಮನೆಯೊಳಗೆ ತಾವು ತೂಗುಹಾಕಿದ ಫಲಕದಲ್ಲಿ "ತೊಂದರೆಯಾದರೆ ಸಹಾಯವಾಣಿಗೆ ಕರೆ ಮಾಡಿ" ಎಂದಿದೆ, ಮಾಡಿದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆ, ಮೂರು ಇಪ್ಪತ್ತೆರಡಕ್ಕೆ ತಮ್ಮ ಸಿಬ್ಬಂದಿ ಬಾಗಿಲಲ್ಲಿ ಹಾಜರ್. ಹನ್ನೆರಡೇ ನಿಮಿಷ! ಬೆಳಗಿನ ಜಾವ ಕಿಟಕಿಯ ಕೆಳಗೆ ಹಾಡುವ ಅತಿಥಿಗಳ ಬಗ್ಗೆ ಅಕ್ಕ ಕೊಟ್ಟ ದೂರು ಹದಿನಾಲ್ಕು ತಿಂಗಳಿಂದ "ಪರಿಶೀಲನೆಯಲ್ಲಿದೆ". ಹಾಗಾಗಿ ತಮ್ಮವರಿಗೆ ಓಡಲು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ತಪ್ಪಾಯಿತು.

ಮುಂದೆ ಏನಾಯಿತೆಂದು ಅಕ್ಕನ ಬಾಯಲ್ಲೇ ಕೇಳಿ. ಆಸ್ಪತ್ರೆಯಲ್ಲಿ ಹೇಳಿದ್ದು: "ಬಾಗಿಲ ಹತ್ರ ಯಾರೋ ಕೆಮ್ಮಿದ್ದು ಕೇಳಿಸ್ತು ಕಣೋ. ಸದ್ಯ, ಬಂದ್ರಲ್ಲ ಅಂತ ಬಡಿಯೋದು ನಿಲ್ಲಿಸ್ದೆ. ಕೂಗೋಣ ಅಂದ್ರೆ ನೋವಿಗೆ ಉಸಿರೇ ಹೊರಡ್ತಿರ್ಲಿಲ್ಲ. ಒಳಗೆ ಬರ್ತಾರೆ, ಈಗ ಬರ್ತಾರೆ ಅಂತ ಕಾಯ್ತಾ ಇದ್ದೆ."

ತಮ್ಮ ಸಿಬ್ಬಂದಿಯ ವರದಿ ನನ್ನ ಮುಂದಿದೆ. "ಸ್ಥಳಕ್ಕೆ ಭೇಟಿ ನೀಡಲಾಯಿತು. ಶಬ್ದ ನಿಂತಿತು. ನೋಟಿಸು ಅಂಟಿಸಲಾಯಿತು. ದೂರು ಇತ್ಯರ್ಥವಾಗಿದೆ." ಬಾಗಿಲು ಏಕೆ ತಟ್ಟಲಿಲ್ಲ ಎಂದು ಆ ಮನುಷ್ಯನನ್ನೇ ಹುಡುಕಿ ಕೇಳಿದೆ. ಪಾಪ, ತಲೆ ತಗ್ಗಿಸಿದ. "ನಿವಾಸಿಗಳ ಜೊತೆ ಮಾತಾಡ್ಬಾರ್ದು, ಅಂಟಿಸಿ ಬರ್ಬೇಕು ಅಂತ ಮೇಲಿನವರ ಆರ್ಡರ್ ಸಾರ್. ಜಗಳ ಆಗತ್ತಂತೆ." ಮೇಲಿನವರು ಎಂದರೆ ತಾವು. ನನ್ನ ಅಕ್ಕ ಒಳಗೆ ನೆಲದ ಮೇಲೆ ಬಿದ್ದಿರುವಾಗ ಅವನು ಹೊರಗೆ ಅದೇ ಬಾಗಿಲಿಗೆ ಅಂಟು ಸವರುತ್ತಿದ್ದ. ಆರು ಗಂಟೆಗೆ ನಾನು ಹೋಗಿ ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆಯುವವರೆಗೂ ಅವಳು ಹಾಗೇ ಇದ್ದಳು.

ನಾನು ಈ ಊರಿನ ಬೀಗದ ಕೆಲಸದವನು. ಅಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳುತ್ತೀರಾ? ಮೂರು ಓಣಿ ಆಚೆ, ಇನ್ನೊಂದು ಅತಿಥಿಗೃಹದ ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಕೀಲಿಪೆಟ್ಟಿಗೆ ಕೂರಿಸುತ್ತಿದ್ದೆ. ನಮ್ಮ ಓಣಿಯ ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತಕ್ಕೆ ಅಂಥ ಪೆಟ್ಟಿಗೆ ಇದೆ, ಎಲ್ಲವೂ ನನ್ನ ಕೈಕೆಲಸ. ಹಿಂದೆ ಈ ಮನೆಗಳವರು ಒಂದೊಂದು ಕೀಲಿಯನ್ನು ನನ್ನ ಅಂಗಡಿಯ ಗೋಡೆಯ ಮೊಳೆಗಳಿಗೇ ತೂಗುಹಾಕುತ್ತಿದ್ದರು. ಈಗ ಆ ಮೊಳೆಗಳು ಖಾಲಿ ನಿಂತಿವೆ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಶಾಲೆಯ ಸಭಾಂಗಣದಲ್ಲಿ ತಾವು ನಮ್ಮನ್ನೆಲ್ಲ ಕೂರಿಸಿ, "ಈ ಸಹಾಯವಾಣಿ ನಿಮ್ಮ ನೆಮ್ಮದಿಗಾಗಿಯೇ" ಎಂದಿರಿ. ಪ್ರವಾಸಿಗರ ಚಕ್ರದ ಪೆಟ್ಟಿಗೆಗಳ ಗಡಗಡ ಕೇಳಿ ಸಾಕಾಗಿದ್ದ ಜನ ಚಪ್ಪಾಳೆ ಹೊಡೆದರು. ಒಪ್ಪಿಗೆಯ ಹಾಳೆ ಹಿಡಿದು ಮನೆಮನೆ ಸುತ್ತಿ ಸಹಿ ಹಾಕಿಸಿದವನು ನಾನು. ಅಕ್ಕ ಮಾತ್ರ ಕನ್ನಡಕ ಏರಿಸಿ, "ಪೂರ್ತಿ ಓದಿದ್ದೀಯೇನೋ?" ಎಂದು ಕೇಳಿದಳು. "ಓದೋದೇನಿದೆ, ನಮ್ಮ ಒಳ್ಳೇದಕ್ಕೇ ಅಲ್ವಾ" ಎಂದೆ. ಹಾಳೆಯ ಬುಡದಲ್ಲಿ ಸಣ್ಣಕ್ಷರದಲ್ಲಿತ್ತು: ಒಂದೇ ವರ್ಷದಲ್ಲಿ ಮೂರು ನೋಟಿಸು ಬಂದ ಬಾಡಿಗೆದಾರರನ್ನು ಮಾಲೀಕರು ಖಾಲಿ ಮಾಡಿಸಬಹುದು. ನಾನು ಓದಿರಲಿಲ್ಲ. ತಾವು ಓದಿದ್ದಿರಿ, ಬರೆಸಿದ್ದೂ ತಾವೇ. ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ನೀವು ಮಾಡಿದ್ದು ಅದೇ. ಕತ್ತಿ ನನ್ನ ಕೈಯಲ್ಲಿ ಕೊಟ್ಟು ಮಾಡಿಸಿದಿರಿ ಎಂಬುದು ನನ್ನ ಸಂಕಟ.

ಅಕ್ಕನದೂ ಬಾಡಿಗೆ ಮನೆಯೇ. ಈ ವರ್ಷ ಅವಳಿಗೆ ಮೊದಲ ನೋಟಿಸು ಹೊಲಿಗೆ ಯಂತ್ರದ ಸದ್ದಿಗೆ ಬಂದಿತ್ತು. ಎರಡನೆಯದು ಬೆಳಗ್ಗೆ ಏಳಕ್ಕೆ ಮೆಟ್ಟಿಲ ಮೇಲೆ ಜೋರಾಗಿ ನಕ್ಕಿದ್ದಕ್ಕೆ. ಆವತ್ತು ಆ ನೋಟಿಸು ಓದಿ ನಾವಿಬ್ಬರೂ ಇನ್ನಷ್ಟು ನಕ್ಕಿದ್ದೆವು. ಮೂರನೆಯದು ಇದು.

ಇದರ ವಿರುದ್ಧ ಓಣಿಯಲ್ಲಿ ಉಳಿದ ಹನ್ನೊಂದು ಮನೆಯವರು ಕುರ್ಚಿ ಹಾಕಿಕೊಂಡು ಬೀದಿಯ ನಡುವೆ ಒಂದು ಇಡೀ ದಿನ ಕುಳಿತೆವು. ಕೂಗಾಡಲಿಲ್ಲ, ಕೂಗಿದರೆ ಇನ್ನೂ ಹನ್ನೊಂದು ನೋಟಿಸು ಗ್ಯಾರಂಟಿ. ಬಂದ ಪ್ರವಾಸಿಗರೆಲ್ಲ ಫೋಟೊ ತೆಗೆದುಕೊಂಡು ಹೋದರು. ಮಾರನೆಯ ದಿನ ತಮ್ಮ ಜಾಲತಾಣದಲ್ಲಿ ಆ ಚಿತ್ರ ಬಂತು, ಕೆಳಗೆ ಒಂದು ಸಾಲು: "ಹಳೆಯ ಓಣಿಯ ನಿರಾಳ ಬದುಕು". ನಮ್ಮ ಪ್ರತಿಭಟನೆಯನ್ನೂ ಮಾರಿಕೊಂಡಿರಲ್ಲ ಸ್ವಾಮಿ, ಇನ್ನು ನಾವು ಹೇಗೆ ಅತ್ತರೆ ನಿಮಗೆ ಅಳು ಎಂದು ತಿಳಿದೀತು?

ನಿನ್ನೆ ಅಕ್ಕನ ಮನೆಯ ಮಾಲೀಕರು ನನ್ನ ಅಂಗಡಿಗೆ ಬಂದಿದ್ದರು. ಕೂರಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಬೇಜಾರು ಮಾಡ್ಕೋಬೇಡಿ, ಕಾನೂನು ಪ್ರಕಾರಾನೇ ಹೋಗ್ತಿದ್ದೀನಿ. ಒಂದನೇ ತಾರೀಕು ಆ ಬೀಗ ಬಿಚ್ಚಿ ನಂಬರ್ ಪೆಟ್ಟಿಗೆ ಹಾಕ್ಕೊಡಿ. ಈ ಕೆಲಸ ನಿಮ್ಮಷ್ಟು ನೀಟಾಗಿ ಇನ್ಯಾರು ಮಾಡ್ತಾರೆ?" ಎಂದರು. ನಾನು ಒಲ್ಲೆ ಎಂದರೆ ಪಕ್ಕದ ಊರಿನಿಂದ ಯಾರನ್ನೋ ಕರೆಸುತ್ತಾರೆ. ಅದಕ್ಕೇ "ಆವತ್ತಿಗೆ ನೋಡೋಣ" ಎಂದು ಕಳುಹಿಸಿದೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟೇ. ಒಂದನೇ ತಾರೀಕಿನ ಒಳಗೆ ಆ ಮೂರನೆಯ ನೋಟಿಸನ್ನು ರದ್ದು ಮಾಡಿ. "ಇತ್ಯರ್ಥವಾಗಿದೆ" ಎಂಬ ಮಾತನ್ನು ಹೊಡೆದುಹಾಕಿ, ಒಬ್ಬ ಹೆಂಗಸು ಸಹಾಯಕ್ಕೆ ಕರೆದಳು, ನಾವು ಬಾಗಿಲವರೆಗೆ ಬಂದು ವಾಪಸು ಹೋದೆವು ಎಂದು ತಮ್ಮ ಕೈಯಾರೆ ಬರೆಯಿರಿ. ಬಾಗಿಲು ತಟ್ಟಬಾರದೆಂಬ ಆದೇಶವನ್ನು ಇಂದೇ ಹಿಂತೆಗೆದುಕೊಳ್ಳಿ.

ಮೂರನೆಯ ನೋಟಿಸು, ಮಾಲೀಕರ ಮಾತು, ಇದಾವುದನ್ನೂ ಅಕ್ಕನಿಗೆ ನಾನಿನ್ನೂ ಹೇಳಿಲ್ಲ. ಸೊಂಟಕ್ಕೆ ರಾಡು ಹಾಕಿದ್ದಾರೆ. ನಿನ್ನೆ ಸಂಜೆ ಆಸ್ಪತ್ರೆಯ ಗೋಡೆ ಹಿಡಿದುಕೊಂಡು ಮೊದಲ ಸಲ ಆರು ಹೆಜ್ಜೆ ಇಟ್ಟಳು. ಹಾಸಿಗೆಗೆ ವಾಪಸು ಕೂರಿಸುವಾಗ ಕೇಳಿದಳು: "ಒಂದನೇ ತಾರೀಕು ಬಿಡ್ತಾರಂತೆ ಕಣೋ. ಮನೆ ಕೀ ನಿನ್ನ ಹತ್ರಾನೇ ಇದೆ ತಾನೆ?"

ಇದೆ ಅಂದೆ.

ಇಂತಿ,
ತಮ್ಮ ಮಾತು ನಂಬಿ ಸ್ವಂತ ಅಕ್ಕನಿಂದಲೂ ಸಹಿ ಹಾಕಿಸಿಕೊಂಡ,
ಓಣಿಯ ಬೀಗದವನು