ಅದಕ್ಕೆ ಹೊಗೆ ಗೊತ್ತಾಗಲ್ಲ

ಜೂನ್ ೧೧, ಬುಧವಾರ

ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳ ತಪಾಸಣೆಗೆ ಹೋದರೆ ಮತ್ತೆ ಚೀಲ. ಹದಿನಾಲ್ಕನೇ ಕೋಣೆ, ಮತ್ತೆ ಅದೇ. ಅಂಗಡಿಯ ಹಳದಿ ಪ್ಲಾಸ್ಟಿಕ್ ಚೀಲ, ಸೂರಿನ ಸ್ಪ್ರಿಂಕ್ಲರಿನ ಮೂತಿಗೆ ಬಿಗಿದು, ಮೇಲೊಂದು ರಬ್ಬರ್ ಬ್ಯಾಂಡ್. ಹೋದ ತಿಂಗಳು ಕಾಲುಚೀಲ ಇತ್ತು. ಹಾಸಿಗೆ ಬಿಟ್ಟು ಏಳಲಾಗದ ಮುದುಕಿಗೆ ಸೂರು ಎಟುಕುವುದು ಹೇಗೆ? ಯಾರೋ ಕಟ್ಟಿಕೊಡುತ್ತಾರೆ. ಯಾರು ಅಂತ ಕೇಳಿದರೆ ಇಡೀ ವೃದ್ಧಾಶ್ರಮಕ್ಕೆ ಕಿವುಡು.

ಎಲ್ಲರೂ ಗೊಗೊ, ಅಜ್ಜಿ, ಅಂತ ಕರೆಯುವ ಆ ಮಾಶೇಜಿ ಮುದುಕಿ ಮಾತ್ರ ಮುಚ್ಚುಮರೆ ಮಾಡಲಿಲ್ಲ.

"ಇಂಪೆಫೊ ಸೊಪ್ಪು ಹಚ್ಬೇಕಿತ್ತು ಮಗಾ. ಹೊಗೆ ಹಾಕ್ದೆ ಸತ್ತೋರು ಬರ್ತಾರಾ? ಹೊಗೆ ಎದ್ರೆ ನಿನ್ನ ಕೊಳಾಯಿ ಉಚ್ಚೆ ಹೊಯ್ಯತ್ತೆ. ಅದಕ್ಕೇ ಮೂತಿ ಕಟ್ಟಿಸ್ದೆ."

"ಗೊಗೊ, ಅದಕ್ಕೆ ಹೊಗೆ ಗೊತ್ತಾಗಲ್ಲ. ಬಿಸಿ ಮಾತ್ರ ಗೊತ್ತಾಗತ್ತೆ. ಒಳಗೆ ಕೆಂಪು ಗಾಜಿನ ಬಲ್ಬ್ ಇದೆ. ಬೆಂಕಿ ಬಿದ್ರೆ ಅದು ಒಡೆಯತ್ತೆ, ಆಗ ನೀರು. ಚೀಲ ಕಟ್ಟಿದ್ರೆ ಬಿಸಿ ತಲುಪೋದೇ ಇಲ್ಲ. ನೀವು ಸುಟ್ಟು ಹೋಗ್ತೀರಿ."

"ಹಾಗಂತ ಅದು ನಿಂಗೆ ಹೇಳ್ತಾ?"

ಕೋಣನ ಮುಂದೆ ಕಿನ್ನರಿ. ಚೀಲ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ.

ಜೂನ್ ೨೫

ಬೆಳಿಗ್ಗೆಯೇ ಆಶ್ರಮದ ಮೇಟ್ರನ್ ಖೋಜಾ ಅವರ ಫೋನು. ಮುದುಕಿಯ ಕಂಬಳಿ ಹೊತ್ತಿಕೊಂಡಿತ್ತಂತೆ. ಯಾರದೋ ಹೆಜ್ಜೆ ಸದ್ದಾಗಿ, ಉರಿಯುವ ಸೊಪ್ಪನ್ನು ಬೋಗುಣಿ ಸಮೇತ ಹೊದಿಕೆಯೊಳಗೆ ಬಚ್ಚಿಟ್ಟಿದ್ದಾಳೆ! ಆಯಾ ಕೈಯಲ್ಲಿದ್ದ ಆರಿದ ಚಹಾ ಸುರಿದು ಉಳಿಸಿದ್ದಾಳೆ. ಓಡಿ ಹೋಗಿ ನೋಡಿದರೆ ಸೂರಿನಲ್ಲಿ ಈ ಸಲ ಸ್ನಾನದ ಟೊಪ್ಪಿ. ಹೂವಿನ ಚಿತ್ರದ್ದು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಬಾಬಾ ಜೋಂಡಿ, ಇನ್ನೊಂದ್ಸಲ ಹೀಗಾದ್ರೆ ನಾನವರನ್ನ ಇಟ್ಕೊಳಲ್ಲ," ಅಂದರು ಮೇಟ್ರನ್ ನನಗೆ; ಗಂಡಸರಿಗೆಲ್ಲ ಬಾಬಾ ಅನ್ನುವುದು ನಮ್ಮಲ್ಲಿ ಮರ್ಯಾದೆ. "ಪಕ್ಕದ ಕೋಣೆಯೋರೂ ನಡೆಯೋರಲ್ಲ. ಅವರ ಪ್ರಾಣನೂ ನೋಡ್ಬೇಕಲ್ಲ."

"ಎಲ್ಲಿಗೆ ಕಳಿಸ್ತೀರಿ?"

ಮೇಟ್ರನ್ ಮುದುಕಿಯ ಫೈಲು ತೆಗೆದು ತೋರಿಸಿದರು. ಮಕ್ಕಳಿಲ್ಲ. ಎಡೆನ್‌ಡೇಲಿನ ಮನೆ ಮಾರಿಯಾಗಿದೆ.

ಸಿಟ್ಟಿನಲ್ಲೇ ಮುದುಕಿಯ ಹತ್ತಿರ ಹೋದೆ. ಏನಿದು ಹಟ, ಯಾರನ್ನು ಕರೆಯಬೇಕು ಅಷ್ಟೊಂದು? ಅಂದೆ. ಗಂಡನನ್ನಂತೆ. ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ಸತ್ತವನು. ಮುಳ್ಳಿನ ಕೊಂಬೆ ಹಿಡಿದು ಹೋಗಿ, ಆತ್ಮವನ್ನು ಅದರಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಕರೆತಂದಳಂತೆ. ಅವನಿಗೂ ಒಂದು ಟಿಕೆಟು, ದಾರಿಯುದ್ದಕ್ಕೂ ಬೇರೆ ಯಾರ ಹತ್ತಿರವೂ ಮಾತಿಲ್ಲ. ನಮ್ಮವರೆಲ್ಲ ಹಾಗೆಯೇ ತರುವುದು. ತಂದು ಮನೆಯಲ್ಲಿ ಕೂರಿಸಿದಳು.

"ಈಗ ಆ ಮನೆ ಬೇರೆಯೋರದು. ಅವ್ರು ಇನ್ನೂ ಅಲ್ಲೇ ಕಾಯ್ತಿದಾರೆ. ನಾನು ಎಲ್ಲಿದೀನಿ ಅಂತ ಹೇಳ್ದೆ ಸತ್ರೆ ನನ್ನನ್ನ ಕರ್ಕೊಂಡ್ ಹೋಗೋಕೆ ಯಾರು ಬರ್ತಾರೆ ಮಗಾ?"

"ಇಷ್ಟು ಸಲ ಹಚ್ಚಿದ್ರಲ್ಲ, ಹೇಳ್ಲಿಲ್ವಾ?"

"ಯಾರಾದ್ರೂ ಬರ್ತಾರೆ, ಅರ್ಧಕ್ಕೇ ನಂದಿಸ್ತೀನಿ. ಕದ್ದು ಕರೆದ್ರೆ ಬರೋ ಗಂಡಸಲ್ಲ ಅವ್ರು."

ನಾನು ಚರ್ಚಿನವನು. ಇದೆಲ್ಲ ನನಗೆ ಬೇಡ. ಆದರೂ ಹೊಸ ಕಂಬಳಿಯನ್ನು ಅವಳ ಕಾಲಿಗೆ ಎಳೆದು ಹೊದಿಸಿದೆ. ಸಿಟ್ಟು ಮಾತ್ರ ಹೋಗಲಿಲ್ಲ.

ಜುಲೈ ೩

ಕಣ್ಣಾರೆ ತೋರಿಸಿಬಿಡೋಣ ಅಂತ ತೀರ್ಮಾನಿಸಿದೆ. ಹಳೆಯ ಸ್ಪ್ರಿಂಕ್ಲರ್ ಒಂದನ್ನು ಪೈಪಿಗೆ ಸಿಕ್ಕಿಸಿ ಅಂಗಳದಲ್ಲಿ ನಿಲ್ಲಿಸಿ ನೀರು ಕೊಟ್ಟೆ. ಚಳಿಗಾಲದ ಬಿಸಿಲು ಕಾಯುತ್ತ ಕೂತಿದ್ದ ಎಲ್ಲರೂ ಸುತ್ತ. ಮಾಶೇಜಿ ಗಾಲಿಕುರ್ಚಿಯಲ್ಲಿ, ಮುಂದಿನ ಸಾಲು. ಕೆಳಗೆ ಇಂಪೆಫೊ ಹಚ್ಚಿದೆ. ದಟ್ಟ ಹೊಗೆ. ಒಂದು ತೊಟ್ಟೂ ಇಲ್ಲ. ಆಮೇಲೆ ಗ್ಯಾಸಿನ ಬೆಂಕಿ ಹಿಡಿದೆ. ಟಪ್! ನನ್ನ ಮೈಯೆಲ್ಲ ಹಳೆ ಪೈಪಿನ ಕರಿ ನೀರು. ಎಲ್ಲರೂ ಚಪ್ಪಾಳೆ. "ಇನ್ನೊಂದ್ಸಲ!" ಅಂತಾರೆ.

"ಹೌದಪ್ಪಾ, ಅದಕ್ಕೆ ಹೊಗೆ ಗೊತ್ತಾಗಲ್ಲ," ಅಂದಳು ಮಾಶೇಜಿ. ಅಬ್ಬಾ. ಗೆದ್ದೆ.

ಜುಲೈ ೪

ಗೆದ್ದದ್ದು ಹೌದು. ಹೊಗೆಗೆ ನೀರು ಬರುವುದಿಲ್ಲ ಅಂತ ಎಲ್ಲರಿಗೂ ಅರ್ಥವಾಗಿದೆ. ಹಾಗಾಗಿ ಇವತ್ತು ಬೆಳಿಗ್ಗೆ ಕೋಣೆಕೋಣೆಯಲ್ಲೂ ಇಂಪೆಫೊ. ಹೊಗೆ ಪಡಸಾಲೆಗೆ ನುಗ್ಗಿ, ಅಲ್ಲಿರುವ ಬೆಂಕಿ ಎಚ್ಚರಿಕೆಯ ಗಂಟೆ ಬಾಯಿ ಬಡಿದುಕೊಂಡಿದೆ. ಆ ಗಂಟೆಗೆ ಹೊಗೆ ಚೆನ್ನಾಗಿ ಗೊತ್ತಾಗುತ್ತದೆ! ಅದನ್ನು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಫೈರ್ ಇಂಜಿನ್ ಬಂತು. ಅವರ ನಾಯಕ ನನ್ನನ್ನು ನೋಡಿ ಹಲ್ಲು ಬಿಟ್ಟ.

"ಏನ್ ನೊಂಡಬಾ, ಹೊಸ ಚರ್ಚು ಶುರು ಮಾಡಿದೀಯಂತೆ? ನಮ್ಮನ್ನೂ ಸೇರಿಸ್ಕೋ."

ನೊಂಡಬಾ ಅಂತ ನಮ್ಮ ಕುಲದ ಹೆಸರು ಹಿಡಿದು ಗೌರವದಿಂದಲೇ ಕರೆದ. ಅದಕ್ಕೇ ಇನ್ನೂ ಉರಿಯಿತು.

ಮೇಟ್ರನ್ ಇಡೀ ಆಶ್ರಮದ ಸೊಪ್ಪು, ಬೆಂಕಿಪೊಟ್ಟಣ ಎಲ್ಲ ಕಿತ್ತುಕೊಂಡರು. ಮಾಶೇಜಿ ಅತ್ತಳಂತೆ. ನಾನು ನೋಡಲು ಹೋಗಲಿಲ್ಲ.

ಜುಲೈ ೨೮

ತಿಂಗಳ ತಪಾಸಣೆ. ಹದಿನಾಲ್ಕನೇ ಕೋಣೆಯ ಸೂರಿನಲ್ಲಿ ಚೀಲ ಇಲ್ಲ, ಟೊಪ್ಪಿ ಇಲ್ಲ. ಎಲ್ಲ ಸರಿ ಇದೆ. ಕೆಳಗೆ ಮಾಶೇಜಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ವಾರದಿಂದ ಗಂಜಿಯನ್ನೂ ಮುಟ್ಟಿಲ್ಲವಂತೆ. ಮೊಸರು ಕೊಟ್ಟರೆ ತುಟಿ ಬಿಗಿ. ಡಾಕ್ಟರು ಹೆಚ್ಚು ದಿನ ಹೇಳಿಲ್ಲ.

"ಗೊಗೊ," ಅಂದೆ. ತಿರುಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನೇರ ಮೇಟ್ರನ್ ಹತ್ತಿರ ಹೋದೆ. ಕದ್ದು ಮಾಡುವುದಕ್ಕೇ ಚೀಲ, ಕಂಬಳಿ, ಎಲ್ಲ ಅಪಾಯ. ನಮ್ಮ ಎದುರಿಗೇ ಒಂದು ಸಲ ಪೂರ್ತಿ ಮಾಡಲಿ ಅಂದೆ. ಕೂಗಾಡಿದರು. ನಾನೂ ಕೂಗಾಡಿದೆ. ಕೊನೆಗೆ, "ಹಾಗಾದ್ರೆ ನೀರು ಹಿಡ್ಕೊಂಡು ನೀವೇ ಕೂತ್ಕೋಬೇಕು. ಹೇಳಿ, ಕೂರ್ತೀರಾ? ಚರ್ಚಿನೋರು ಬೇರೆ," ಅಂದರು.

ಮಾಡಿದ್ದುಣ್ಣೋ ಮಹರಾಯ. ಕೂರುತ್ತೇನೆ ಅಂದೆ.

ಜುಲೈ ೩೦, ಮಧ್ಯಾಹ್ನ. ವ್ಯಾನಿನಲ್ಲಿ

ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟಿದ್ದೇನೆ, ಅಕ್ಷರ ಸೊಟ್ಟ. ಮರೆಯುವ ಮೊದಲು ಬರೆದುಬಿಡುತ್ತೇನೆ.

ಬಾಗಿಲು ಮುಚ್ಚಿ ಕಿಟಕಿ ತೆರೆದೆವು. ಬೋಗುಣಿಯಲ್ಲಿ ಮರಳು, ಅದರ ಮೇಲೆ ಸೊಪ್ಪು, ಹಾಸಿಗೆಯಿಂದ ದೂರ. ಮೇಟ್ರನ್ ಗೋಡೆಗೆ ಒರಗಿ. ನಾನು ಸ್ಟೂಲಿನ ಮೇಲೆ, ಕಾಲ ಮಧ್ಯೆ ಬಕೆಟ್. ಹೊಗೆ ಎದ್ದಿತು. ಮಾಶೇಜಿಯ ಧ್ವನಿ ಎಲ್ಲಿತ್ತೋ ಏನೋ, ಗಂಡನ ಕುಲದ ಹೆಸರು ಹಿಡಿದು ಗಟ್ಟಿಯಾಗಿ ಬಂತು.

"ಖಬಜೇಲಾ! ನಾನು. ಮನೆ ಮಾರಾಯ್ತು, ಅಲ್ಲಿ ಕಾಯ್ಬೇಡಿ. ಪೇಟೆಗೆ ಬಂದು ಟ್ಯಾಕ್ಸಿ ಹಿಡಿದು ಗುಡ್ಡ ಹತ್ತಿ. ನೀಲಿ ಗೇಟು. ಒಳಗೆ ಬಂದು ಎಡಕ್ಕೆ, ಹದಿನಾಲ್ಕನೇ ಕೋಣೆ. ಬಲಕ್ಕೆ ಹೋಗ್ಬೇಡಿ, ಅಲ್ಲಿ ಮಾಗುಮೇಡೆ ಇದಾಳೆ, ಗಂಡಸು ಕಂಡ್ರೆ ಮಾತಿಗೆ ಎಳೀತಾಳೆ."

ಮೇಟ್ರನ್ ನಕ್ಕುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡರು. ಮುದುಕಿ ಕಣ್ಣು ಮುಚ್ಚಿ ಏನೋ ಕೇಳಿಸಿಕೊಳ್ಳುತ್ತಿದ್ದಳು.  ಸೊಪ್ಪು ಪೂರ್ತಿ ಬೂದಿಯಾಯಿತು, ಯಾರೂ ನಂದಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ರು ಕೇಳ್ತಿದಾರೆ. ಹೆಂಡ್ತಿ ಮಲಗೋ ಕೋಣೇಲಿ ಬಕೆಟ್ ಇಟ್ಕೊಂಡು ಕೂತಿರೋ ಗಂಡಸು ಯಾರು ಅಂತ. ಎದ್ದು ಹೇಳು."

ಮೇಟ್ರನ್ ಕಡೆ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಸತ್ತವರ ಜೊತೆ ಮಾತಾಡುವವನಲ್ಲ ನಾನು. ಎದ್ದೆ. ಟೊಪ್ಪಿ ತೆಗೆದೆ.

"ನಾನು ಜೋಂಡಿ, ಬಾಬಾ," ಅಂದೆ. "ಇಲ್ಲಿನ ಕೊಳಾಯಿ ನೋಡ್ಕೊಳೋನು. ನಿಮ್ಮ ಮನೆಯೋರಿಗೆ ಬೆಂಕಿ ತಗುಲ್ದಂಗೆ ನೋಡ್ಕೋತೀನಿ. ನೀವು ಬಂದು ಕರ್ಕೊಂಡ್ ಹೋಗೋ ತನಕ."