ಊಟಕ್ಕೆ ಮುಂಚಿನ ಉತ್ತರ

ಭುವನಕ್ಕಾ, ಪಿಯುಸಿ ಬಿಟ್ಟು ವರ್ಷವಾಯಿತು, ನಿಮಗೆ ಹೇಳಿರಲಿಲ್ಲ. ನಿಡುಗಲ್ಲಿನಲ್ಲಿ ಒಬ್ಬ ಮನೋವೈದ್ಯರ ಸಮೀಕ್ಷೆಗೆ ಮನೆಮನೆ ಸುತ್ತಿ ಫಾರಂ ತುಂಬುತ್ತಿದ್ದೆ. ಅವರ ಎಂಬತ್ತೊಂದು ಲೇಖನ ಅಚ್ಚಾಗಿವೆ. ಈ ಊರಲ್ಲಿ ಯಾರಿಗೂ ಮನಸ್ಸಿನ ಬೇನೆ ಇಲ್ಲ ಅನ್ನುವುದು ಎಂಬತ್ತೆರಡನೆಯದು.

ನಿನ್ನೆ ಚಿಕ್ಕಹನುಮಕ್ಕ ಅನ್ನೋ ಅಜ್ಜಿ ಎಲ್ಲ ಪ್ರಶ್ನೆಗೂ "ಚೆನ್ನಾಗಿವ್ನಿ ಕಣಪ್ಪ" ಅಂದಳು. ನನಗೆ ಮುದ್ದೆ ಉಣ್ಣಿಸಿದ ಮೇಲೆ, ಮೂರು ವರ್ಷದಿಂದ ನಿದ್ದೆಯಿಲ್ಲ ಅಂದಳು.

"ಮೊದಲೇ ಯಾಕೆ ಹೇಳಲಿಲ್ಲ?"

"ಹಸ್ಕೊಂಡು ಬಂದೋರ ಮುಂದೆ ಅಳ್ತಾರೇನ್ಲಾ?"

ನಾನು ತುಂಬಿದ ಅರವತ್ತೂ ಫಾರಂ ಊಟಕ್ಕೆ ಮುಂಚಿನವು. ಎಲ್ಲರನ್ನೂ ಮತ್ತೆ ಕೇಳಬೇಕು ಅಂದೆ. "ಲೇಖನ ಕಳಿಸಿಯಾಯ್ತು, ಸುಮ್ಮನಿರಯ್ಯ" ಅಂದರು ಡಾಕ್ಟರು. ಕೆಲಸ ಬಿಟ್ಟೆ.

ಸಾಕಾಗಿದೆ ಅಕ್ಕಾ. ಅಂಗಾಲಲ್ಲಿ ಬೊಬ್ಬೆ ಎದ್ದಿದೆ, ಜ್ವರವಿಲ್ಲ. ಕಾಲೇಜಿನ ವಿಷಯ ಅಪ್ಪನಿಗೆ ನಾನೇ ಹೇಳುತ್ತೇನೆ. ನಾಳೆ ಇಲ್ಲಿಂದ ಮನೆಗೆ ಹೊರಡುತ್ತೇನೆ.