ಆದಿಯಮ್ಮನ ಬುಡದ ಮಣ್ಣು

ತರೀಕೆರೆ
ಮಾರ್ಚ್ ೧೪, ೧೯೭೮

ಅಜ್ಜಿಗೆ ಈರಭದ್ರನ ನಮಸ್ಕಾರ.

ತಂಗಿ ಕಾಂತಾ, ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದು. ಏನನ್ನೂ ಬಿಡಬೇಡ.

ಈಗ ತಾನೇ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಲಕ್ಕಣ್ಣ ಸಿಕ್ಕಿದ್ದ. "ಯಾವ್ದೋ ನಾಯಿ ಆದಿಯಮ್ಮನ ಕಲ್ಲಿನ ಬುಡ ಕೆದ್ರೈತಂತೆ. ಅಮ್ಮ ಮುನಿಸ್ಕಂಡ್ಳು ಅಂತ ನಿಮ್ಮಜ್ಜಿ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಕಣೋ" ಅಂದ.

ಅಜ್ಜಿ, ಅದು ನಾಯಿಯಲ್ಲ, ನಾನು. ಶಾಸನ ಓದುವ ಮೇಷ್ಟ್ರ ಜೊತೆ ಕೆಲಸಕ್ಕೆ ಸೇರಿದ ಮೇಲೆ, ಆ ಕಲ್ಲಿನ ಕೊನೆಯ ಸಾಲುಗಳು ಮಣ್ಣಿನೊಳಗಿರುವುದು ಕಣ್ಣಿಗೆ ಬಿತ್ತು. ಲೋಕದ ಮೊದಲ ಹೆಂಗಸು ಅಲ್ಲಿಂದಲೇ ಎದ್ದು ಬಂದಳೆಂದು ನೀನು ಹೇಳುತ್ತಿದ್ದೆಯಲ್ಲ, ಅದು ಬರೆದಿದೆಯೇ ನೋಡೋಣವೆಂದು ಅಗೆದೆ. ಒಂಬತ್ತನೇ ಕ್ಲಾಸು ಬಿಟ್ಟಾಗ ಮೊದಲು ನಿನಗೇ ಹೇಳಿದ್ದೆ. ಇದನ್ನು ಹೇಳಲಿಲ್ಲ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಮೇಷ್ಟ್ರು ಆ ಸಾಲುಗಳನ್ನು ಓದಿ ಹೇಳಿದರು. ದನ ಕದಿಯಲು ಬಂದವರೊಡನೆ ಹೋರಾಡಿ ಸತ್ತ ಮಾಚನೆಂಬವನಿಗೆ ಅವನ ತಾಯಿ ನಿಲ್ಲಿಸಿದ ಕಲ್ಲಂತೆ ಅದು. ಲೋಕ ಹುಟ್ಟಿದ ಮಾತು ಅದರಲ್ಲಿಲ್ಲ.

"ಹಂಗಾದ್ರೆ ನಮ್ಮಜ್ಜಿ ಹೇಳಿದ್ದು ಸುಳ್ಳಾ ಸಾರ್?" ಎಂದು ಕೇಳಿದೆ.

"ಕಲ್ಲು ಅದನ್ನ ಹೇಳಿಲ್ಲ ಕಣಯ್ಯ. ಸುಳ್ಳು ಅಂತಾನೂ ಬರೆದಿಲ್ಲ" ಅಂದರು ಮೇಷ್ಟ್ರು.

ಅಮ್ಮ ಮುನಿಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುನಿದಿದ್ದರೆ ತಪ್ಪು ನನ್ನದು, ಉಳಿದ ಉಪವಾಸವೂ ನನ್ನದು. ಇವತ್ತೇ ಶುರು ಮಾಡಿದ್ದೇನೆ. ಲಕ್ಕಣ್ಣ ಸಿಗುವ ಮೊದಲು ಒಂದು ಟೀ ಕುಡಿದಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಎಷ್ಟು ದಿನವೆಂದು, ಈ ಕಾಗದ ತರುವ ಲಕ್ಕಣ್ಣನ ಕೈಯಲ್ಲೇ ಹೇಳಿ ಕಳಿಸು.

ಕಾಂತಾ, ಕಾಗದ ಮಡಿಸುವ ಮೊದಲು ಅಜ್ಜಿಗೆ ಗಂಜಿ ಕುಡಿಸು.

ನಿನ್ನ ಮೊಮ್ಮಗ,
ಈರಭದ್ರ